ಕೀಗೊಂಚಲಿನ ತೂಕ

ನಾನು ನಿವೃತ್ತಳಾದ ದಿನ ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ಒಂದು ಸಣ್ಣ ಸಭೆ ಮಾಡಿದರು. ಶಾಲು ಹೊದೆಸಿದರು. ಭಾಷಣ ಮಾಡಿದವರೊಬ್ಬರು, ಸರೋಜ ಸಿಸ್ಟರ್ ಬಾಣಂತಿಯರ ಪಾಲಿಗೆ ತಾಯಿಯಂತೆ ಇದ್ದರು, ಅವರ ಬಾಯಿಂದ ಒಂದು ಗಟ್ಟಿ ಮಾತು ಕೇಳಿದವರಿಲ್ಲ ಎಂದರು. ಆಗ ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಜೋರಾಗಿ ನಕ್ಕಳು. ಭಾಷಣಕಾರರು ಕನ್ನಡಕ ಸರಿಮಾಡಿಕೊಂಡು ಮುಂದುವರಿದರು. ನಕ್ಕವಳ ಹೆಸರು ಲಲಿತಾ. ಅವಳ ಎರಡು ಹೆರಿಗೆಯನ್ನೂ ಮಾಡಿಸಿದವಳು ನಾನು. ಅವಳು ಯಾಕೆ ನಕ್ಕಳು ಎಂಬುದನ್ನು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಕಂಡದ್ದನ್ನು ಕಂಡದ್ದೆಂದೂ, ಬೇರೆಯವರು ಹೇಳಿದ್ದನ್ನು ಹೇಳಿದ್ದೆಂದೂ ಬರೆಯುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕು ಬಿಟ್ಟು ನಾನು ಹೊರಗೆ ಕೆಲಸ ಮಾಡಿಲ್ಲ. ಮೊದಲು ಇದ್ದದ್ದು ಸಾಗರದ ಕಡೆ. ಅಲ್ಲಿಗೆ ಲಿಂಗನಮಕ್ಕಿ ಹಿನ್ನೀರಿನ ಆಚೆಯ ಊರುಗಳಿಂದ ಬಸುರಿಯರು ಲಾಂಚಿನಲ್ಲಿ ನೀರು ದಾಟಿ, ಜೀಪು ಹತ್ತಿ ಬರುತ್ತಿದ್ದರು. ಒಂದು ಬೆಳಿಗ್ಗೆ ಒಂದು ಜೀಪಿನಿಂದ ಇಳಿದ ಏಳು ಜನ ಓಡುತ್ತಾ ಒಳಗೆ ಬಂದರು. ಒಬ್ಬರ ಕೈಯಲ್ಲಿ ಫ್ಲಾಸ್ಕು, ಒಬ್ಬರ ಕೈಯಲ್ಲಿ ಹಳೇ ಸೀರೆಗಳ ಗಂಟು, ಗಂಡನ ಕೈಯಲ್ಲಿ ಬಕೆಟ್ಟು. ಬಸುರಿ ಎಲ್ಲಿ ಎಂದು ಕೇಳಿದೆ. ಏಳೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳನ್ನು ಇನ್ನೊಬ್ಬರು ಇಳಿಸಿಕೊಂಡು ಬರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಅವಳೇ ಗೋಡೆ ಹಿಡಿದುಕೊಂಡು ನಡೆದು ಬಂದು, ಯಾವ ಕಡೆ ಹೋಗಬೇಕು ಎಂದು ಕೇಳಿದಳು. ಆಗ ನಗು ಬಂತು. ಈಗ ನೆನೆದರೆ, ಮುಂದಿನ ಮೂವತ್ತು ವರ್ಷ ನಾವು ಆಸ್ಪತ್ರೆಯವರೂ ಹೆಚ್ಚುಕಡಿಮೆ ಹಾಗೆಯೇ ಇದ್ದೆವು ಅನ್ನಿಸುತ್ತದೆ. ಬಕೆಟ್ಟು, ಬಟ್ಟೆ, ರಿಜಿಸ್ಟರ್ ಎಲ್ಲವೂ ಕೈಯಲ್ಲಿರುತ್ತಿತ್ತು.

ಬೈಯುವುದನ್ನು ನಾನು ಕಲಿತದ್ದೂ ಅಲ್ಲಿಯೇ. ಅಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಅವರು ಹೆರಿಗೆ ಕೋಣೆಯಲ್ಲಿ ಬಸುರಿಗೆ ‘ಉಸಿರು ಬಿಗಿಹಿಡಿದು ಮುಕ್ಕು’ ಎಂದರೆ ಹೊರಗೆ ಹಲ್ಲು ಕೀಳಿಸಲು ಕೂತ ಗಂಡಸರೂ ಮುಕ್ಕುತ್ತಿದ್ದರು. ಬೈಯದಿದ್ದರೆ ಹೆಂಗಸರು ಮುಕ್ಕುವುದಿಲ್ಲ, ಮುಕ್ಕದಿದ್ದರೆ ಮಗು ಉಸಿರುಗಟ್ಟುತ್ತದೆ, ಆದ್ದರಿಂದ ಬೈಗುಳವೂ ಒಂದು ಔಷಧಿ ಎಂದು ಅವರು ಹೇಳಿಕೊಟ್ಟರು. ನಾನು ನಂಬಿದೆ. ಅವರಷ್ಟು ದೊಡ್ಡ ದನಿ ನನಗಿರಲಿಲ್ಲ. ಆ ಕೊರತೆಯನ್ನು ಮಾತಿನ ಹರಿತದಿಂದ ತುಂಬಿಕೊಂಡೆ.

ಲಲಿತಾಳ ಮೊದಲ ಹೆರಿಗೆಯ ಕಾಲಕ್ಕೆ ನಾನು ಬೇರೊಂದು ಊರಿನ ಸಣ್ಣ ಆಸ್ಪತ್ರೆಗೆ ವರ್ಗವಾಗಿ ಬಂದಿದ್ದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿನ ವೈದ್ಯಾಧಿಕಾರಿಗಳು ಒಳ್ಳೆಯವರು. ಅವರಿಗೆ ಎರಡೇ ಭಯ: ಒಂದು ಹಾವು, ಇನ್ನೊಂದು ತಪಾಸಣೆ. ಒಮ್ಮೆ ಹೆರಿಗೆ ಕೋಣೆಯ ಸ್ಟೀಲ್ ಟ್ರೇ ಒಂದು ಕಾಣೆಯಾಗಿ, ಮೂರು ದಿನದ ಮೇಲೆ ಎದುರಿನ ಕ್ಯಾಂಟೀನಿನಲ್ಲಿ ಸಿಕ್ಕಿತು. ಅದರ ತುಂಬ ಕಾಯಿಚಟ್ನಿ ಇತ್ತು. ಬೆಳಿಗ್ಗೆ ಅದೇ ಚಟ್ನಿಯಲ್ಲಿ ಇಡ್ಲಿ ತಿಂದು ಬಂದಿದ್ದ ಡಾಕ್ಟರು ಆ ದಿನದಿಂದ ಎಲ್ಲದಕ್ಕೂ ಬೀಗ ಹಾಕಿಸಿದರು. ಬೀರು, ಔಷಧಿ ಕಪಾಟು, ಬಟ್ಟೆ ಪೆಟ್ಟಿಗೆ, ಫ್ರಿಜ್ಜು, ಒಟ್ಟು ಒಂಬತ್ತು ಬೀಗ. ಒಮ್ಮೆ ನಮ್ಮ ಫಾರ್ಮಸಿಸ್ಟ್ ಕೀಗೊಂಚಲನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ತಾಳಗುಪ್ಪದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಿಟ್ಟರು. ಅದಾದ ಮೇಲೆ ಡಾಕ್ಟರು ಗೊಂಚಲಿಗೆ ಗದ್ದೆ ಉಳುವ ಹಳೇ ಟಿಲ್ಲರಿನ ಕಬ್ಬಿಣದ ತುಂಡೊಂದನ್ನು ಕಟ್ಟಿಸಿದರು. ಜೇಬಿನಲ್ಲಿಟ್ಟರೆ ಪ್ಯಾಂಟು ಜಾರಬೇಕು, ಆಗ ನೆನಪಾಗುತ್ತದೆ ಎಂಬುದು ಅವರ ಲೆಕ್ಕಾಚಾರ.

ಲಲಿತಾಳ ತವರು ಕವಲೇದುರ್ಗದ ಕೆಳಗಿನ ಒಂದು ಹಳ್ಳಿ. ಚೊಚ್ಚಲು, ತವರಿಗೆ ಬಂದಿದ್ದಳು. ಅವಳ ತಾಯಿ ರಕ್ತ ಕಂಡರೆ ತಲೆ ತಿರುಗಿ ಬೀಳುವವರಾದ್ದರಿಂದ ಜೊತೆಗೆ ಬಂದದ್ದು ತಾಯಿಯ ತಾಯಿ, ಹೂವಮ್ಮ. ಮಧ್ಯಾಹ್ನ ಊಟದ ಹೊತ್ತು. ಡಾಕ್ಟರು ತಾಲ್ಲೂಕಿನ ಮೀಟಿಂಗಿಗೆ ಹೋಗಿದ್ದರು. ಇದ್ದದ್ದು ನಾನು ಮತ್ತು ಆಯಾ ನಾಗವೇಣಿ.

ಹೆರಿಗೆ ತಡವಾದರೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು, ಮುಚ್ಚಿದ್ದನ್ನೆಲ್ಲ ತೆರೆಯಬೇಕು ಎಂಬುದು ಹೂವಮ್ಮನ ಕಡೆಯವರ ಪದ್ಧತಿ. ಅವರು ಮೊದಲು ಮೊಮ್ಮಗಳ ಜಡೆ ಬಿಚ್ಚಿದರು. ತಮ್ಮ ಸಂಚಿಯ ದಾರ ಬಿಚ್ಚಿದರು. ನನ್ನ ಏಪ್ರನ್ನಿನ ಗಂಟನ್ನೂ ಸಡಿಲ ಮಾಡಿಕೊಳ್ಳಲು ಹೇಳಿದರು. ಮನೆಯಲ್ಲೂ ಪೆಟ್ಟಿಗೆ, ಕಪಾಟು, ಕೊಟ್ಟಿಗೆಯ ಬಾಗಿಲು ಎಲ್ಲ ತೆರೆದಿಡಲು ಹೇಳಿ ಬಂದಿದ್ದರಂತೆ. ಅವರ ಎರಡು ಎಮ್ಮೆಗಳು ಆ ಸಂಜೆ ಶಾಲೆಯ ಕೈತೋಟದಲ್ಲಿ ಸಿಕ್ಕವು ಎಂದು ಆಮೇಲೆ ಕೇಳಿದೆ.

ನಾನು ಪಕ್ಕದ ವಾರ್ಡಿಗೆ ಹೋಗಿ ಒಬ್ಬರ ಬಿ.ಪಿ. ನೋಡಿ ಬರುವಷ್ಟರಲ್ಲಿ ಹೂವಮ್ಮ ಮೇಜಿನ ಮೇಲಿದ್ದ ಕೀಗೊಂಚಲು ತೆಗೆದುಕೊಂಡು ಒಂಬತ್ತು ಬೀಗಗಳನ್ನೂ ತೆರೆದಿದ್ದರು. ಬೀರುವಿನ ಬಾಗಿಲು ಆ ಕಡೆ, ಫ್ರಿಜ್ಜಿನ ಬಾಗಿಲು ಈ ಕಡೆ. ಅವರು ನೆಮ್ಮದಿಯಿಂದ ಬಟ್ಟೆ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದುಕೊಂಡು ನಿಂತಿದ್ದರು, ಅದು ತಾನಾಗಿ ನಿಲ್ಲುತ್ತಿರಲಿಲ್ಲ.

ನಾನು ಕೂಗಾಡಿದೆ. ಕೊನೆಗೆ ಹೇಳಿದ ಮಾತು ಸರಿಯಾಗಿ ನೆನಪಿದೆ: “ಬಾಯಿ ಮುಚ್ಕೊಂಡು ಹೊರಗೆ ಕೂತ್ಕೊಳ್ಳಿ. ನಾನು ಕೇಳಿದ್ರೆ ಮಾತ್ರ ಮಾತಾಡ್ಬೇಕು.”

ಅವರು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತರು. ಬಾಗಿಲ ಸಂದಿಯಿಂದ ಒಳಗಿನ ಒಂದು ಮೂಲೆ ಕಾಣುವ ಜಾಗ ಅದು. ನಾನು ಎಲ್ಲಕ್ಕೂ ಬೀಗ ಹಾಕಿ, ಈ ಮುದುಕಿಯ ಕೈಗೆ ಮತ್ತೆ ಸಿಗಬಾರದೆಂದು, ಗೊಂಚಲನ್ನು ಮಗು ತೂಗುವ ಯಂತ್ರದ ತೊಟ್ಟಿಲಲ್ಲಿ ಹಾಸಿದ್ದ ಹಸಿರು ಬಟ್ಟೆಯ ಅಡಿ ಇಟ್ಟೆ.

ಆಮೇಲೆ ಲಲಿತಾಳ ಸರದಿ. ಅವಳು ಎದ್ದು ಓಡಾಡುತ್ತೇನೆ ಎಂದಳು. ನಾನು ಬಿಡಲಿಲ್ಲ. ಆಗ ಅಂಗಾತ ಮಲಗಿಸುವುದೇ ಕ್ರಮ. ಬಾಯಾರಿಕೆ ಎಂದಳು, ಈಗ ಬೇಡ ಎಂದೆ. ಕಿರುಚಿದಳು, ನೀನೊಬ್ಬಳೇ ಹೆರುವವಳಾ ಎಂದೆ. ತೊಡೆಗೆ ಹೊಡೆದೆ. ಎರಡು ಸಲ. ಒಂದು ಸಲ ಎಂದು ಮೊದಲು ಬರೆದಿದ್ದೆ, ತಿದ್ದಿದ್ದೇನೆ.

ಗಂಡು ಮಗು ಹುಟ್ಟಿತು, ಚೆನ್ನಾಗಿ ಅತ್ತಿತು. ಟ್ರೇಯಲ್ಲಿ ಸಿದ್ಧವಾಗಿಟ್ಟಿದ್ದ ಒಂದು ಇಂಜೆಕ್ಷನ್ ಕೊಟ್ಟೆ. ಮಾಸು ಬಿತ್ತು. ಆ ಕಾಲದ ಪದ್ಧತಿಯಂತೆ ಕೂಡಲೇ ಮಗುವನ್ನು ಎತ್ತಿ ತೂಗಿದೆ. ಮೂರು ಕೆಜಿ ನೂರು ಗ್ರಾಂ. ಕಾರ್ಡಿನಲ್ಲಿ ಬರೆದು, ಮಗುವನ್ನು ಸುತ್ತಿ ಹೊರಗೆ ಹೂವಮ್ಮನ ಕೈಗೆ ಕೊಟ್ಟೆ. ತಿರುಗಿ ಬಂದರೆ ಲಲಿತಾಳ ಮುಖ ಬಿಳಿಚಿತ್ತು. ಕೆಳಗಿನ ಬಟ್ಟೆ ಪೂರ್ತಿ ನೆನೆದಿತ್ತು.

ಗರ್ಭಕೋಶ ಗಟ್ಟಿಯಾಗದೆ ರಕ್ತ ಹೋಗುತ್ತಿತ್ತು. ನಾನು ಹೊಟ್ಟೆ ಒತ್ತಿ ಉಜ್ಜತೊಡಗಿದೆ. ಕೈ ತೆಗೆಯುವ ಹಾಗಿಲ್ಲ. ಬೇಕಾದ ಇಂಜೆಕ್ಷನ್ ಫ್ರಿಜ್ಜಿನಲ್ಲಿತ್ತು. ಫ್ರಿಜ್ಜಿಗೆ ಬೀಗ. ನಾಗವೇಣಿ, ಕೀ ಎಲ್ಲಿ ಎಂದಳು. ನನಗೆ ನೆನಪಿಗೆ ಬರಲಿಲ್ಲ. ಅರ್ಧ ಗಂಟೆಯ ಹಿಂದೆ ನಾನೇ ಇಟ್ಟಿದ್ದೆ. ಬೀರುವಿನ ಮೇಲೆ, ಮೇಜಿನ ಕೆಳಗೆ, ನನ್ನ ಏಪ್ರನ್ನಿನ ಜೇಬಿನಲ್ಲಿ ಅವಳು ಹುಡುಕಿದಳು. ಆಂಬುಲೆನ್ಸಿಗೆ ಫೋನ್ ಮಾಡಿ ಬಂದು ಮತ್ತೆ ಹುಡುಕಿದಳು. ಎಷ್ಟು ನಿಮಿಷವಾಯಿತೆಂದು ಹೇಳಲಾರೆ, ಗಡಿಯಾರ ನನ್ನ ಬೆನ್ನ ಹಿಂದೆ ಇತ್ತು.

ಕೊನೆಗೆ ಬಾಗಿಲ ಕಡೆ ತಿರುಗಿ, “ಅಜ್ಜೀ, ಕೀ ಕಂಡ್ರಾ?” ಎಂದೆ.

ಹೂವಮ್ಮ ಮಗುವನ್ನು ಎತ್ತಿಕೊಂಡು ಹೊಸ್ತಿಲ ತನಕ ಬಂದರು. “ಈಗ ಮಾತಾಡ್ಬೋದಾ?” ಎಂದು ಕೇಳಿದರು.

“ಹೇಳಿ.”

“ಆ ತೂಕದ ತೊಟ್ಲಲ್ಲಿ, ಬಟ್ಟೆ ಅಡಿಗೆ. ಮಗೂನೂ ಅದ್ರ ಮೇಲೇ ಮಲಗ್ಸಿದ್ರಿ.”

ನಾಗವೇಣಿ ಫ್ರಿಜ್ಜು ತೆರೆದಳು. ಇಂಜೆಕ್ಷನ್ ಕೊಟ್ಟೆ, ಡ್ರಿಪ್ ಹಾಕಿದೆ, ಆಂಬುಲೆನ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಲಲಿತಾಳಿಗೆ ಎರಡು ಬಾಟಲಿ ರಕ್ತ ಕೊಟ್ಟರು. ಬದುಕಿದಳು. ಇಷ್ಟನ್ನು ಬರೆಯುವಾಗಲೂ ನನ್ನ ಅಕ್ಷರ ಕೆಟ್ಟಿದೆ.

ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ ಎಂದು ಆಮೇಲೊಂದು ದಿನ ಹೂವಮ್ಮನನ್ನು ಕೇಳಿದೆ. ಒಳಗೆ ಏನಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. “ನೀವು ಇನ್ಯಾವ್ದಕ್ಕೋ ಬೀಗ ಹಾಕಾಕೆ ಕೀ ಹುಡುಕ್ತಿದ್ದೀರಿ ಅಂದ್ಕಂಡೆ. ಸಿಗ್ದೆ ಇದ್ರೇ ಒಳ್ಳೇದು ಅಂತ ಸುಮ್ನಾದೆ. ಮಾತಾಡ್ಬೇಡಿ ಅಂತ ನೀವೇ ಹೇಳಿದ್ರಲ್ಲ,” ಎಂದರು.

ಅಂದು ಸಂಜೆ ಗೊಂಚಲನ್ನು ತೊಟ್ಟಿಲಲ್ಲಿಟ್ಟು ತೂಗಿದೆ. ನಾನೂರ ಹತ್ತು ಗ್ರಾಂ. ಅಂದರೆ ಮಗುವಿನ ನಿಜವಾದ ತೂಕ ಎರಡು ಕೆಜಿ ಆರುನೂರ ತೊಂಬತ್ತು. ತೂಗುವ ಮೊದಲು ಸೂಜಿ ಸೊನ್ನೆಯಲ್ಲಿದೆಯೇ ಎಂದು ನೋಡುವುದು ನಮಗೆ ಕಲಿಸುವ ಮೊದಲ ಪಾಠ. ನಾನು ನೋಡಿರಲಿಲ್ಲ. ತಿದ್ದಬೇಕಾದರೆ ಕೆಂಪು ಶಾಯಿಯಲ್ಲಿ ತಿದ್ದಿ, ಕಾರಣ ಬರೆದು, ಡಾಕ್ಟರ ಸಹಿ ಹಾಕಿಸಬೇಕು. ಕಾರಣ ಏನೆಂದು ಬರೆಯಲಿ? ಹೇಗೂ ಮಗು ಚೆನ್ನಾಗಿದೆಯಲ್ಲ ಎಂದು ಬಿಟ್ಟುಬಿಟ್ಟೆ.

ಆ ನಾನೂರ ಹತ್ತು ಗ್ರಾಂ ಲಲಿತಾಳ ಮನೆಗೆ ಹೋಯಿತು. ಏಳನೆಯ ದಿನ ಆಶಾ ಕಾರ್ಯಕರ್ತೆ ಜಯಲಕ್ಷ್ಮಿ ಹೋಗಿ ಮಗುವನ್ನು ತೂಗಿದರೆ ಅರ್ಧ ಕೆಜಿಯಷ್ಟು ಕಡಿಮೆ. ಅವಳು ನಿಷ್ಠೆಯಿಂದ ಕೆಲಸ ಮಾಡುವವಳು. ಹಾಲು ಸಾಲುತ್ತಿಲ್ಲ ಎಂದು ಲಲಿತಾಳಿಗೆ ಬೈದಳು. ವಿಷಯ ಊರಿಗೆ ಹರಡಿತು. ಮೆಂತ್ಯದ ಗಂಜಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಒಂದೊಂದು ಮನೆಯಿಂದ ಬಂದವು. ಗಂಡನ ಕಡೆಯ ಹೆಂಗಸರು ಜೀಪು ಮಾಡಿಕೊಂಡು ಬಂದು, ಎದುರು ಕೂತು, ಮಗು ಕುಡಿಯುವುದನ್ನು ನೋಡಿದರಂತೆ. ಒಬ್ಬರು, ನಮ್ಮ ಮನೆಯ ಎಮ್ಮೆಯೂ ಹೀಗೆಯೇ, ಸುಮ್ಮನೆ ದಪ್ಪ ಕಾಣುತ್ತದೆ ಎಂದರಂತೆ. ಇವನ್ನೆಲ್ಲ ಜಯಲಕ್ಷ್ಮಿ ನನಗೆ ನಗುತ್ತಾ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಮಗು ನಿಜವಾಗಿ ಸರಿಯಾಗಿಯೇ ಬೆಳೆಯುತ್ತಿದೆ ಎಂದು ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಹೇಳಲಿಲ್ಲ.

ಮೂರು ವರ್ಷದ ಮೇಲೆ ಲಲಿತಾ ಮತ್ತೆ ಬಸುರಿಯಾಗಿ ತವರಿಗೆ ಬಂದಳು. ಎಂಟು ತಿಂಗಳಾಗಿತ್ತು. ಮೈಯಲ್ಲಿ ರಕ್ತ ಕಡಿಮೆ. ಮೊದಲ ಸಲ ಅಷ್ಟು ರಕ್ತ ಹೋದವಳಿಗೆ ಎರಡನೆಯ ಸಲವೂ ಹೋಗುವ ಸಂಭವ ಹೆಚ್ಚು. ಮನೆಯಲ್ಲಿ ಹೆತ್ತರೆ ಉಳಿಯುವುದು ಕಷ್ಟ. ಆದರೆ ಜಯಲಕ್ಷ್ಮಿ ಬಂದು, “ಅವ್ಳು ಬರಾದಿಲ್ವಂತೆ ಸಿಸ್ಟ್ರೇ. ನೀವು ಇರೋತನಕ ಈ ಆಸ್ಪತ್ರೆ ಮೆಟ್ಲು ಹತ್ತಲ್ಲ ಅಂತಾಳೆ. ದೂರದ ಆಸ್ಪತ್ರೆಗೂ ಹೋಗಲ್ವಂತೆ, ಅಲ್ಲೂ ನಿಮ್ಮಂಥೋರೇ ಇರ್ತಾರಂತೆ,” ಎಂದಳು.

ಅಷ್ಟರಲ್ಲಿ ಬೀಗದ ಡಾಕ್ಟರು ವರ್ಗವಾಗಿ, ಅವರ ಜಾಗಕ್ಕೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದರು. ಅವರು ಇದನ್ನು ಕೇಳಿ, “ನೀವೇ ಹೋಗಿ ಕರ್ಕೊಂಡು ಬನ್ನಿ ಸಿಸ್ಟರ್,” ಎಂದರು.

ಹೋದೆ. ಲಲಿತಾ ಜಗಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಊರಿನವರ ರವಿಕೆ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಕೂತುಕೊಳ್ಳಿ ಎಂದಳು, ಆದರೆ ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. ನಾನು ರಕ್ತಹೀನತೆಯ ಬಗ್ಗೆ ಹೇಳಿದೆ, ಯಂತ್ರ ಓಡುತ್ತಿತ್ತು. ಹಿಂದಿನ ಸಲದ ಅಪಾಯ ಹೇಳಿದೆ, ಓಡುತ್ತಿತ್ತು. ಒಂದು ತೋಳು ಮುಗಿದು ಇನ್ನೊಂದು ತೋಳು ಶುರುವಾಯಿತು. ಹೂವಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂರು ವರ್ಷದ ಹುಡುಗ ಅವರ ಸೆರಗು ಹಿಡಿದಿದ್ದ. ಅವನನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಕೀಗೊಂಚಲು ಸೇರಿಸಿ ತೂಗಿದ್ದನ್ನು ಹೇಳಿದೆ. ಅಂದೇ ಸಂಜೆ ಗೊತ್ತಾದರೂ ತಿದ್ದಲಿಲ್ಲ ಎಂಬುದನ್ನೂ ಹೇಳಿದೆ.

ಯಂತ್ರ ನಿಂತಿತು.

“ಎಷ್ಟಿತ್ತು ಅದು?” ಎಂದಳು ಲಲಿತಾ.

“ನಾನೂರ ಹತ್ತು ಗ್ರಾಂ.”

ಹೂವಮ್ಮ ನಗತೊಡಗಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕೊನೆಗೆ ಕೂತುಕೊಂಡು ನಕ್ಕರು. ಲಲಿತಾ ನಗಲಿಲ್ಲ. “ಊರೆಲ್ಲ ನನ್ನ ಹಾಲಿಗೆ ಹೆಸ್ರಿಟ್ರಲ್ಲ ಸಿಸ್ಟ್ರೇ. ನಾ ಒಳಗೆ ಕೂತು ಅಳ್ತಿದ್ದೆ. ಕಬ್ಣ ದಪ್ಪ ಆಗಾಕೆ ನಾ ಎಷ್ಟು ಹಾಲು ಕುಡಿಸ್ಬೇಕಿತ್ತು?”

ತಪ್ಪಾಯಿತು ಎಂದೆ. ನನ್ನ ಕೆಲಸದ ಜೀವನದಲ್ಲಿ ಒಬ್ಬ ಬಾಣಂತಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಅವಳು ಅಳತೆ ಬರೆಯುವ ಪುಸ್ತಕ ತೆಗೆದಳು. ಯಾರದೋ ರವಿಕೆಯ ಎದೆ ಮೂವತ್ತಾರು, ತೋಳು ಎಂಟೂವರೆ ಎಂದಿದ್ದ ಪುಟದ ಕೆಳಗೆ ಬರೆಯತೊಡಗಿದಳು. ಮಗನ ಕಾರ್ಡಿನಲ್ಲಿ ತೂಕ ತಿದ್ದಿ ಸಹಿ ಹಾಕಬೇಕು. ಅಜ್ಜಿ ಒಳಗೇ ಇರಬೇಕು. ಓಡಾಡಲು, ನೀರು ಕುಡಿಯಲು ಬಿಡಬೇಕು. ಯಾವುದಕ್ಕೂ ಬೀಗ ಹಾಕಬಾರದು. ಬೈಯಬಾರದು. ಹೊಡೆಯಬಾರದು ಎಂದು ಬರೆಯಲು ಹೋಗಿ, ನನ್ನನ್ನು ನೋಡಿ, ಪೆನ್ನು ಎತ್ತಿದಳು. “ಅದು ಬರೀಬೇಕಾ?” ಎಂದಳು. ಬರಿ ಎಂದೆ. ಬರೆದಳು. ನಾನು ಸಹಿ ಹಾಕಿದೆ. ಆ ರವಿಕೆ ಯಾರದೋ, ಅವರ ಅಳತೆಯ ಜೊತೆಗೆ ನನ್ನದೂ ಸೇರಿತು.

ಕಾರ್ಡು ತಿದ್ದಿದ್ದಕ್ಕೆ ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಮಗುವಿನ ತೂಕದಲ್ಲಿ ಆಸ್ಪತ್ರೆಯ ಕೀಗೊಂಚಲು ಸೇರಿಹೋಗಿದ್ದರಿಂದ ಈಗ ಕಳೆಯಲಾಗಿದೆ ಎಂದು ಬರೆದು ಕಳಿಸಿದೆ. ಸದರಿ ಗೊಂಚಲು ಈಗ ಎಲ್ಲಿದೆ ಎಂದು ಇನ್ನೊಂದು ಪತ್ರ ಬಂತು. ಮೊಳೆಗೆ ನೇತುಹಾಕಿದೆ ಎಂದು ಉತ್ತರಿಸಿದೆ. ಆಮೇಲೆ ಬರಲಿಲ್ಲ.

ಲಲಿತಾ ಬಂದದ್ದು ಒಂದು ಬೆಳಿಗ್ಗೆ. ಅವಳು ಬರುವ ಮೊದಲೇ ಒಂಬತ್ತು ಬೀಗಗಳನ್ನೂ ತೆಗೆದು ಬಕೆಟ್ಟಿಗೆ ಹಾಕಿದ್ದೆ. ಹೂವಮ್ಮ ಒಳಗೆ ಬಂದು ಒಂದೊಂದೇ ಬಾಗಿಲು ಎಳೆದು ನೋಡಿದರು. ಬಟ್ಟೆ ಪೆಟ್ಟಿಗೆಯ ಮುಚ್ಚಳ ಎತ್ತಿ ನಿಲ್ಲಿಸಲು ನಾಗವೇಣಿ ಒಂದು ಕೋಲು ತಂದಿದ್ದಳು, ಅದನ್ನು ಕಂಡು ತಲೆಯಾಡಿಸಿದರು. ಫ್ರಿಜ್ಜಿನ ಬಾಗಿಲನ್ನೂ ತೆರೆದಿಡಬೇಕೆಂದು ಕೈ ಹಾಕಿದಾಗ, ಔಷಧಿ ಕೆಡುತ್ತದೆ, ಬೀಗವಿಲ್ಲದೆ ಮುಚ್ಚಿರಲಿ ಎಂದು ಡಾಕ್ಟರಮ್ಮ ಒಪ್ಪಿಸಿದರು.

ನಾನು ಬಾಯಲ್ಲಿ ಒಂದು ದೊಡ್ಡ ಕಲ್ಲುಸಕ್ಕರೆ ಇಟ್ಟುಕೊಂಡಿದ್ದೆ. ಬೈಗುಳ ಹೊರಡುವ ಮೊದಲು ನಾಲಿಗೆಗೆ ಬೇರೆ ಕೆಲಸವಿರಲಿ ಎಂದು. ಮೊದಲ ಗಂಟೆ ಸುಲಭವಾಗಿತ್ತು. ಲಲಿತಾ ಓಡಾಡಿದಳು, ಅಜ್ಜಿಯ ಹೆಗಲು ಹಿಡಿದು ನಿಂತಳು, ನೀರು ಕುಡಿದಳು. ಕೊನೆಯ ಹೊತ್ತಿಗೆ ಅವಳು ಮುಕ್ಕುವುದನ್ನು ಬಿಟ್ಟು ನನ್ನಿಂದಾಗುವುದಿಲ್ಲ ಎಂದಾಗ, ನನ್ನೊಳಗೆ ಮೂವತ್ತು ವರ್ಷದ ಅಭ್ಯಾಸ ಎದ್ದು ನಿಂತಿತು. ಕಲ್ಲುಸಕ್ಕರೆಯನ್ನು ಕಚ್ಚಿದೆ. ಆ ಸದ್ದು ಎಲ್ಲರಿಗೂ ಕೇಳಿತು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಹೂವಮ್ಮನಿಗೇ ಕನಿಕರ ಬಂತು.

“ಒಂದ್ಸಲ ಬೈದ್ಬಿಡಿ ಸಿಸ್ಟ್ರೇ, ನಿಮ್ಮ ಮುಖ ನೋಡಾಕಾಗಲ್ಲ,” ಎಂದರು.

“ಬೇಡ,” ಎಂದಳು ಲಲಿತಾ ಮಂಚದಿಂದ. ಹಾಗೆ ಹೇಳಿದವಳಿಗೆ ನಗು ಬಂತು. ಆ ನಗುವಿನ ಹಿಂದೆಯೇ ನೋವು ಬಂತು, ಎರಡು ಸಲ ಮುಕ್ಕಿದಳು, ಹೆಣ್ಣು ಮಗು ಹುಟ್ಟಿತು.

ಈ ಸಲವೂ ಮಾಸು ಬಿದ್ದ ಮೇಲೆ ರಕ್ತ ಹೋಗತೊಡಗಿತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ, ತಲೆ ಎತ್ತಿದೆ. ನಾಗವೇಣಿ ಆಗಲೇ ಫ್ರಿಜ್ಜಿನಿಂದ ಔಷಧಿ ತಂದಿದ್ದಳು, ಡಾಕ್ಟರಮ್ಮ ಡ್ರಿಪ್ಪಿಗೆ ಸೇರಿಸುತ್ತಿದ್ದರು. ಯಾರೂ ಏನನ್ನೂ ಹುಡುಕಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನನ್ನ ಅಂಗೈ ಕೆಳಗೆ ಗರ್ಭಕೋಶ ಚೆಂಡಿನಂತೆ ಗಟ್ಟಿಯಾಯಿತು. ರಕ್ತ ನಿಂತಿತು. ಆಂಬುಲೆನ್ಸ್ ಬೇಕಾಗಲಿಲ್ಲ. ಬೀಗ ತೆಗೆದದ್ದಕ್ಕೇ ಎಲ್ಲ ಸರಾಗವಾಯಿತು ಎಂದರು ಹೂವಮ್ಮ. ಡಾಕ್ಟರಮ್ಮ ಏನೋ ಹೇಳಲು ಹೊರಟು, ಫ್ರಿಜ್ಜಿನ ಕಡೆ ನೋಡಿ, ಹೌದು ಎಂದರು.

ಈಗಿನ ಕ್ರಮದಂತೆ ಮಗು ಒಂದು ಗಂಟೆ ತಾಯಿಯ ಎದೆಯ ಮೇಲೆಯೇ ಇತ್ತು, ಅಲ್ಲೇ ಹಾಲು ಕುಡಿಯಿತು. ಆಮೇಲೆ ತೂಗಲು ಎತ್ತಿಕೊಂಡೆ. ಯಂತ್ರದ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಲಲಿತಾಳ ದನಿ ಬಂತು. ಸುಸ್ತಾದ ದನಿ, ಆದರೆ ಸ್ಪಷ್ಟವಾಗಿತ್ತು.

“ಅಡಿಗೆ ಎಂತಾದ್ರೂ ಇದ್ಯಾ ನೋಡ್ಕಳಿ ಸಿಸ್ಟ್ರೇ.”

ನಾನು ಮಗುವನ್ನು ಹೂವಮ್ಮನ ಕೈಗೆ ಕೊಟ್ಟೆ. ತೊಟ್ಟಿಲ ಬಟ್ಟೆಯನ್ನು ತೆಗೆದು, ಎರಡೂ ಕಡೆ ತಿರುಗಿಸಿ, ಅವಳಿಗೆ ಕಾಣುವ ಹಾಗೆ ಕೊಡವಿದೆ. ಮತ್ತೆ ಹಾಸಿದೆ. ಸೂಜಿ ಸೊನ್ನೆಯ ಮೇಲೆ ನಿಂತಿತ್ತು.

“ಹಾಂ, ಈಗ ತೂಗಿ,” ಎಂದಳು.